ದೃಷ್ಟಿ

ಕಾರ್ಡು ಒಟ್ಟು ಮೂವತ್ತೊಂದು.
ಗುಲಾಬಿಯವು ಹೆಣ್ಣಿನ ಕಡೆ ನಿಂತು ನೋಡುತ್ತವೆ,
ಹಳದಿಯವು ಕೂಲಿಯ ಕಡೆ.
ಹಸಿರಿನವು ಹಡಗು ಹತ್ತಿ ಹೋಗಿ
ಸಕ್ಕರೆ ಎಲ್ಲಿಂದ ಬಂತು, ಯಾರು ಕಬ್ಬು ಕಡಿದರು ಎಂದು ಕೇಳಿ ಬರುತ್ತವೆ.
ನೀಲಿ, ಕನಸಿನದು. ಅದು ನನಗಿನ್ನೂ ತಲೆಗೆ ಹತ್ತಿಲ್ಲ.

ಮೂವತ್ತೊಂದಕ್ಕೂ ಮೀನಿನ ವಾಸನೆ.

ಗ್ರಿಮ್ಸ್‌ಬಿಯಲ್ಲಿ ಜೂನ್ ಬಂತೆಂದರೆ
ರಾತ್ರಿ ಹತ್ತಕ್ಕೂ ಬೆಳಕು ಮನೆಗೆ ಹೋಗುವುದಿಲ್ಲ.
ಸಿಂಕಿನ ಪಕ್ಕ ಪುಸ್ತಕ ನಿಲ್ಲಿಸಿ ಉರು ಹೊಡೆಯುತ್ತೇನೆ.
ಹೊರಗೆ ಚಿಮಣಿಯ ಮೇಲೆ ಕಡಲಹಕ್ಕಿ
ಬಯ್ಯುತ್ತಲೇ ಇರುತ್ತದೆ, ಯಾರನ್ನೋ.

ನೂರಾ ಹನ್ನೆರಡನೇ ಪುಟದಲ್ಲಿ
ಕೆಲಸದ ಹುಡುಗಿ ಹೂಜಿ ಬೀಳಿಸುತ್ತಾಳೆ.
ಅಷ್ಟೇ.
ಚೂರುಗಳನ್ನು ಉಡಿಯಲ್ಲಿ ಆಯ್ದುಕೊಂಡು ಬಾಗಿಲಾಚೆ ಹೋದವಳು
ಮುಂದಿನ ಮುನ್ನೂರು ಪುಟದಲ್ಲಿ ತಿರುಗಿ ಬರುವುದಿಲ್ಲ.

ಅವಳು ಬರದಿದ್ದರೇನು, ಪಂಡಿತರು ಬಂದರು.
ಅದು ಹೂಜಿಯಲ್ಲ, ಬಸಿರು, ಎಂದರು ಒಬ್ಬರು.
ಬಿದ್ದದ್ದಲ್ಲ, ಬೀಳಿಸಿದ್ದು, ದಂಗೆ, ಎಂದರು ಇನ್ನೊಬ್ಬರು.
ಮತ್ತೊಬ್ಬರು ಅದರ ಮೇಲಿನ ನೀಲಿ ಹೂವಿನ ಬಳ್ಳಿ ಹಿಡಿದು
ಚೀನಾ ದೇಶದ ತನಕ ನಡೆದರು.
ಎತ್ತು ಏರಿಗೆ, ಕೋಣ ನೀರಿಗೆ.
ನಡುವೆ ನೊಗದ ಹಾಗೆ ನಾನು,
ನಲವತ್ತನಾಲ್ಕರ ದ್ಯಾಮವ್ವ,
ಸಂಜೆ ಕಾಲೇಜಿನ ಹಿಂದಿನ ಬೆಂಚು.

ರಾಣೆಬೆನ್ನೂರಿನಲ್ಲಿ ನಮ್ಮವ್ವ
ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆಯ ಕಡ್ಡಿ ಹಿಡಿದು
ಮೂರು ಸಲ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು,
ಹೋದವರ ಕಣ್ಣು, ಬಂದವರ ಕಣ್ಣು ಎನ್ನುತ್ತ.
ಚಟಪಟ ಅಂದರೆ ದೃಷ್ಟಿ ಹೋಯಿತು.
ಇಲ್ಲಿ ನೋಡಿದರೆ ದೃಷ್ಟಿ ತಗುಲಿಸಿದ್ದಕ್ಕೇ ಅಂಕ,
ಎಷ್ಟು ಕಣ್ಣು ಬಿದ್ದರೆ ಅಷ್ಟು.

'ನನಗನ್ನಿಸುತ್ತದೆ, ಅವಳ ಕೈ ಮರಗಟ್ಟಿತ್ತು' ಎಂದು ಬರೆದಿದ್ದೆ.
ಐಸಿನಲ್ಲಿ ಕೈ ಅದ್ದಿದವರಿಗೆ ಗೊತ್ತು,
ಹಿಡಿದದ್ದು ಹಿಡಿದ ಹಾಗೇ ಇರುತ್ತದೆ,
ಬಿದ್ದ ಸದ್ದಾದ ಮೇಲೆಯೇ ತಿಳಿಯುವುದು.
ಮಿಸ್ ಆಸ್ಕ್ಯೂ ಅಂಚಿನಲ್ಲಿ ಪೆನ್ಸಿಲ್ಲಿನಿಂದ:
'ಚೆನ್ನಾಗಿದೆ ಡಯಾಮಾ. ಆದರೆ ಯಾರು ಹೇಳಿದ್ದು?'

ಯಾರು ಹೇಳಿದ್ದು.

ಬೆಳಗಿನ ಪಾಳಿ, ಏಳೂಕಾಲರ ಬಿಡುವು.
ಗ್ಲೌಸು ಕಳಚಿ ಚಹದ ಲೋಟಕ್ಕೆ ಬೆರಳು ಸುತ್ತಿ ಕೂತಿದ್ದಾಗ
ಎದುರಿನವಳು ಕಾರ್ಡು ಎಳೆದುಕೊಂಡಳು.
ಲಿಥುವೇನಿಯಾದವಳು, ಹೆಸರು ರಾಸಾ.
ನಮ್ಮಲ್ಲಿ ರಸ ಅಂದರೆ ಕಬ್ಬಿನದೂ ಹೌದು, ಕಾವ್ಯದ್ದೂ ಹೌದು ಎಂದಿದ್ದೆ ಒಮ್ಮೆ.
ಅವರಲ್ಲಿ ಇಬ್ಬನಿಯಂತೆ.
ಆರು ವರ್ಷದಿಂದ ಒಂದೇ ಬೆಲ್ಟಿನ ಆಚೀಚೆ ನಿಂತು
ಹ್ಯಾಡಕ್ಕಿನ ಮುಳ್ಳು ಕೀಳುತ್ತೇವೆ,
ಮಾತು ಕಡಿಮೆ.

ಹೂಜಿಯ ಕಥೆ ಕೇಳಿದಳು ಪೂರ್ತಿ.
ಬಸಿರು, ದಂಗೆ, ಚೀನಾ, ಎಲ್ಲದಕ್ಕೂ ತಲೆ ಹಾಕಿದಳು.
ಬಿಸ್ಕತ್ತು ಮುರಿಯುತ್ತ ಕೇಳಿದಳು:
'ಸಂಬಳದಲ್ಲಿ ಎಷ್ಟು ಹಿಡಿದರು?'

ರಾತ್ರಿ ಪುಸ್ತಕ ಮೊದಲಿಂದ ತಿರುವಿದೆ.
ಇಡೀ ಕಾದಂಬರಿಯಲ್ಲಿ ಇಲ್ಲ.
ಎಜಮಾನಿಯ ರೇಷ್ಮೆಗೆ ಎಷ್ಟು ಕೊಟ್ಟರೆಂದು ಇದೆ,
ಕುದುರೆಯ ಬೆಲೆ ಇದೆ, ಶಿಲ್ಲಿಂಗು ಪೆನ್ನಿ ಸಮೇತ.
ಅವಳಿಗೆ ವರ್ಷಕ್ಕೆ ಎಷ್ಟು ಕೊಡುತ್ತಿದ್ದರು,
ಹೂಜಿಗೆ ಎಷ್ಟು ತಿಂಗಳು ಮುರಿದುಕೊಂಡರು,
ಬರೆದವರಿಗೂ ಬೇಕಿರಲಿಲ್ಲ,
ನನ್ನ ಮೂವತ್ತೊಂದು ಕಾರ್ಡಿಗೂ ಬೇಕಿಲ್ಲ.
ಹಳದಿಯಲ್ಲಿ ಕೂಡ ದುಡಿಮೆ ಎಂಬ ಮಾತಿದೆ, ದುಡ್ಡಿಲ್ಲ.

ಪರೀಕ್ಷೆ ನಾಳೆ ಮಧ್ಯಾಹ್ನ ಒಂದೂವರೆಗೆ.
ಹೂಜಿ ಬರುತ್ತದೋ ಇಲ್ಲವೋ,
ಮದುವೆಯ ಅಧ್ಯಾಯ ಕೊಟ್ಟುಬಿಟ್ಟರೆ ನನ್ನ ಗತಿ ದೇವರೇ ಬಲ್ಲ.

ಆದರೂ ಮೂವತ್ತೆರಡನೇ ಕಾರ್ಡು ಕತ್ತರಿಸಿದೆ,
ಮೀನಿನ ಡಬ್ಬಿಯ ರಟ್ಟಿನಲ್ಲಿ, ಬಣ್ಣವಿಲ್ಲ.
ವಿಮರ್ಶಕರಿಗೆ ಮನೆತನದ ಹೆಸರು ಬೇಕಲ್ಲ.
ಇವತ್ತು ಪಾಳಿ ಮುಗಿದು ಬೂಟು ತೊಳೆಯುವಾಗ ಕೇಳಿದೆ,
ಅವಳು ನಕ್ಕು, ಬೇಡ ಬಿಡು, ಯಾರಿಗೂ ಬಾಯಿ ತಿರುಗುವುದಿಲ್ಲ ಅಂದಳು.
ಬಿಡಲಿಲ್ಲ.
ಲಾಕರಿನ ಚೀಟಿ ನೋಡಿ ಅಕ್ಷರ ಅಕ್ಷರ ಇಳಿಸಿಕೊಂಡೆ.
ಬಸ್ಸಿನುದ್ದಕ್ಕೂ ಅದೇ ಬಾಯಿಪಾಠ:
ಕಾಜ್ಲೌಸ್ಕೈಟೆ, ಕಾಜ್ಲೌಸ್ಕೈಟೆ,
ಇ ಮೇಲೊಂದು ಚುಕ್ಕಿ ಮರೆಯಬಾರದು,
ಚುಕ್ಕಿ.